ಅಲ್ ನಹ್ದಾದಲ್ಲಿ ಕುಳಿತು ಬ್ಯೂನಸ್ ಐರಿಸ್ ತೋರಿಸಿದ್ದು

ಊರು ನೋಡಲು ಗೈಡ್ ಬೇಕು ಎನ್ನುವವರನ್ನು ಕಂಡರೆ ನನಗೆ ಮರುಕ. ದುಬೈಯ ದೇರಾ ಪೇಟೆಯಲ್ಲಿ ಚೌಕಾಶಿ ಕಲಿತು, ಸ್ವಂತ ಟೈಲ್ಸ್ ಅಂಗಡಿ ಇಟ್ಟವನು ನಾನು. ನಿಮಗೂ ಹೇಳುತ್ತೇನೆ: ಕಣ್ಣು, ಕಾಲು, ಇಂಟರ್‌ನೆಟ್ ಇದ್ದರೆ ಪ್ರಪಂಚವೇ ಪುಕ್ಕಟೆ!

ಹೆಂಡತಿ ಶ್ಯಾಮಲಾ ತನ್ನ ತಾಯಿಯ ಜೊತೆ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ಗೆ ಹೋಗಿದ್ದಳು. ಅವಳ ತಮ್ಮ ಅಲ್ಲಿನ ಹೋಟೆಲೊಂದರಲ್ಲಿ ಕುಕ್. ಮದುವೆಗೆ ಮುಂಚೆ ಉಡುಪಿಯಲ್ಲಿ ಸಂಗೀತ ಕಲಿತಿದ್ದ ಶ್ಯಾಮಲಾಗೆ ಅಲ್ಲಿನ ಹಳೆಯ ಒಪೆರಾ ಮಂದಿರವನ್ನು ಒಮ್ಮೆ ಒಳಗಿನಿಂದ ನೋಡುವ ಆಸೆ. ಬೇರೇನೂ ಕೇಳಿದವಳಲ್ಲ. ಅಲ್ಲಿಂದ ವಾಪಸು ಹೊರಡುವ ದಿನ ಮಧ್ಯಾಹ್ನಕ್ಕೆ ಹೇಗೋ ಟಿಕೆಟ್ ಸಿಕ್ಕಿತ್ತು. ಬೆಳಗ್ಗೆ ಊರು ತೋರಿಸಲು ತಮ್ಮ ಒಬ್ಬ ಗೈಡನ್ನೂ ಗೊತ್ತು ಮಾಡಿದ್ದ.

"ಕ್ಯಾನ್ಸಲ್ ಮಾಡು," ಎಂದೆ. "ನಾನಿದ್ದೇನೆ!"

ಅಲ್ಲಿ ಬೆಳಗ್ಗೆ ಎಂದರೆ ಇಲ್ಲಿ ಸಂಜೆ. ದುಬೈಯ ಅಲ್ ನಹ್ದಾದ ನಮ್ಮ ಫ್ಲ್ಯಾಟಿನಲ್ಲಿ ಚಹಾ ಇಟ್ಟುಕೊಂಡು, ಆಫೀಸಿನ ಮೀಟಿಂಗ್ ಆ್ಯಪ್‌ನಲ್ಲಿ ವೀಡಿಯೊ ತೆರೆದು, ಮಾರ್ಗದರ್ಶಕನ ಪೀಠವನ್ನು ಅಲಂಕರಿಸಿದೆ. ಪಕ್ಕದ ಫ್ಲ್ಯಾಟಿನ ಲೋಬೊ ಪ್ರೇಕ್ಷಕರು.

ಮೊದಲ ತಾಣವನ್ನು ಚಿತ್ರ ನೋಡಿಯೇ ಆರಿಸಿದ್ದೆ. ಅಮೃತಶಿಲೆಯ ದೇವತೆಗಳು, ಸಾಲು ಸಾಲು ಪುಟ್ಟ ಅರಮನೆಗಳು! ವಿವರವೆಲ್ಲ ಸ್ಪ್ಯಾನಿಷ್‌ನಲ್ಲಿತ್ತು. ಕಲ್ಲಿನ ಗುಣ ಬಲ್ಲವನಿಗೆ ಭಾಷೆ ಯಾಕೆ?

"ನೋಡಿ ಅತ್ತೆ, ನಮ್ಮ ದುಬೈಯ ಮಿರ್ದಿಫ್‌ನ ವಿಲ್ಲಾಗಳ ಹಾಗೆ ಇಲ್ವಾ?"

"ಚಂದ ಉಂಟು," ಎಂದರು ಅತ್ತೆ. "ಆದ್ರೆ ಮನೆಯವರು ಎಲ್ಲಿ?"

"ಶ್ರೀಮಂತರ ಏರಿಯಾ ಅತ್ತೆ. ಹೊರಗೆ ಬರುವುದಿಲ್ಲ!"

ಶ್ಯಾಮಲಾ ಒಂದು ಗಾಜಿನ ಬಾಗಿಲಿಗೆ ಫೋನ್ ಹಿಡಿದಳು. "ರೀ, ಒಳಗೆ ಅಡುಗೆಕೋಣೆಯೇ ಇಲ್ಲ. ಉದ್ದುದ್ದ ಪೆಟ್ಟಿಗೆ ಮಾತ್ರ. ಒಂದರ ಮೇಲೊಂದು."

"ಬಂಕ್ ಬೆಡ್! ಇಲ್ಲಿ ಇಂಟರ್‌ನ್ಯಾಷನಲ್ ಸಿಟಿಯಲ್ಲಿ ಬ್ಯಾಚುಲರ್ಸ್ ಹಾಗೇ ಮಲಗುವುದಲ್ವಾ?"

ಲೋಬೊ ಪರದೆಗೆ ಬಗ್ಗಿದವರು ಚಹಾ ಕೆಳಗಿಟ್ಟು ಶಿಲುಬೆಯ ಗುರುತು ಮಾಡಿಕೊಂಡರು. "ಮಾರಾಯ್ರೆ, ಮಲಗಿದ್ದು ಹೌದು. ಏಳುವುದಿಲ್ಲ ಅಷ್ಟೆ. ಅದು ಸ್ಮಶಾನ!"

ಅತ್ತೆಯ ಕೂಗಿಗೆ ನನ್ನ ಲ್ಯಾಪ್‌ಟಾಪ್ ನಡುಗಿತು. "ಜೀವ ಇರುವಾಗಲೇ ನನ್ನನ್ನು ಇಲ್ಲಿಗೆ ಕಳಿಸಿದ್ರಲ್ಲ ಅಳಿಯಂದಿರೇ!"

"ಅದು ಟೂರಿಸ್ಟ್ ಪ್ಲೇಸ್ ಅತ್ತೆ..."

"ಎಂತ ಟೂರಿಸ್ಟ್? ತಲೆಗೆ ಸ್ನಾನ ಆಗದೆ ನಾನು ಎಲ್ಲಿಗೂ ಬರುವುದಿಲ್ಲ. ಸಂಗೀತದ ಜಾಗಕ್ಕೆ ಈ ಮೈಲಿಗೆಯಲ್ಲಿ ಕಾಲಿಡುವುದಾ?"

ಇಳಿದುಕೊಂಡ ಹೋಟೆಲಿಗೆ ಹೋಗಿ ಸ್ನಾನ ಮಾಡಿ ಬರುವಷ್ಟರಲ್ಲಿ ಒಪೆರಾ ಖಲಾಸ್. ತಾಯಿಯನ್ನು ಅಲ್ಲೇ ಬಿಟ್ಟು ಹೋಗುವವಳಲ್ಲ ಶ್ಯಾಮಲಾ. ಅವಳ ಮುಖ ಸಣ್ಣದಾಯಿತು. ನಾನು ಸಂಧಾನಕ್ಕಿಳಿದೆ. "ಮೂರು ಹನಿ ಪ್ರೋಕ್ಷಣೆ," ಎಂದೆ. ಅತ್ತೆ, "ಮೂರು ಕೊಡಪಾನ," ಎಂದರು. ಹಗ್ಗಜಗ್ಗಾಟ ನಡೆದು, ಎದುರಿನ ಪಾರ್ಕಿನ ಕಾರಂಜಿಯ ಮೂರು ಬಾಟಲಿ ನೀರಿಗೆ ವ್ಯಾಪಾರ ಕುದುರಿತು!

ಅತ್ತೆ ಸೆರಗು ಬಿಗಿದರು. ನಮ್ಮ ಪುಣ್ಯನದಿಗಳನ್ನೆಲ್ಲ ಅರ್ಜೆಂಟೀನಾಕ್ಕೆ ಆಹ್ವಾನಿಸಿ ಮೊದಲ ಬಾಟಲಿ ಸುರಿದುಕೊಂಡರು. ಜನ ಸೇರಿದರು. ಎರಡನೆಯ ಬಾಟಲಿಗೆ ಚಪ್ಪಾಳೆ ಬಿತ್ತು. ಮೂರನೆಯದಕ್ಕೆ ಪೊಲೀಸ್ ಬಂದ.

"ಫೋನ್ ಅವನಿಗೆ ಕೊಡು, ನಾನು ಮಾತಾಡ್ತೇನೆ," ಎಂದೆ. ನನಗೆ ಸ್ಪ್ಯಾನಿಷ್ ಬರುವುದಿಲ್ಲ, ಧೈರ್ಯ ಬರುತ್ತದೆ. "ಹಬೀಬಿ, ನೋ ಪ್ರಾಬ್ಲಮ್! ಮದರ್, ಸ್ಮಶಾನ, ವಾಟರ್!" ಎಂದು ವಿವರಿಸಿದೆ. ಅಲ್ಲಿಯವರೆಗೆ ನಗುತ್ತಿದ್ದ ಅವನು ಗಂಭೀರನಾದ. ಶ್ಯಾಮಲಾ ಫೋನ್ ಕಿತ್ತುಕೊಂಡಳು. ಪರದೆ ಕಪ್ಪಾಯಿತು.

"ಅತ್ತೆಗೆ ಜೈಲಾ?" ಎಂದೆ.

"ಅವರಿಗೆ ಜೈಲಾದರೆ ನಿಮಗೆ ಜೀವಾವಧಿ," ಎಂದರು ಲೋಬೊ.

ಚಹಾ ಆರಿ ಕೆನೆಗಟ್ಟಿತು. ಕೊನೆಗೂ ಒಂದು ಫೋಟೊ ಬಂತು. ಬಂಗಾರದ ಚಾವಣಿ, ಕೆಂಪು ಮಖಮಲ್ಲು. ಕತ್ತೆತ್ತಿ ಮೈಮರೆತು ನಿಂತ ಶ್ಯಾಮಲಾ. ಪಕ್ಕದಲ್ಲಿ ಒದ್ದೆ ಕೂದಲಿನ ಅತ್ತೆ, ಮಡಿಯಾದ ಸಂಭ್ರಮದಲ್ಲಿ. ಕೆಳಗೆ ಬರೆದಿದ್ದಳು: "ಟಿಕೆಟ್ ತೋರಿಸಿದೆ. ಪೊಲೀಸರೇ ಟ್ಯಾಕ್ಸಿ ಹತ್ತಿಸಿದರು. ಸಮಯಕ್ಕೆ ಮುಟ್ಟಿದೆವು."

ಇನ್ನು ಒಳಗಿನ ವಿವರಗಳನ್ನು ತಿಳಿಸಿಕೊಡುವುದು ನನ್ನ ಕರ್ತವ್ಯವಲ್ಲವೇ? ಕೂಡಲೇ ಕಾಲ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಮೆಸೇಜ್ ಬಂತು.

"ಇಲ್ಲಿ ಫೋನ್ ಆಫ್ ಇಡಬೇಕಂತೆ. ಎಷ್ಟು ಒಳ್ಳೆಯ ಊರು ರೀ ಇದು!"