ಬಣ್ಣ ಬಳಿದ ಟೆಂಪೋ ಪಾಸಾದ ಬಗೆ

ಯಂತ್ರಗಳ ವಿಷಯದಲ್ಲಿ ನನಗೆ ಅಪಾರ ಆತ್ಮವಿಶ್ವಾಸ. ಏನೂ ತಿಳಿಯದವನಿಗೆ ಅದೊಂದಾದರೂ ಇರಬೇಕಲ್ಲ! ಎಂಬತ್ತರ ದಶಕದ ಕೊನೆಗೆ, ಉಗಾರದಲ್ಲಿ ಮಾಸ್ತರಿಕೆ ಮಾಡುತ್ತಲೇ ಹೆಂಡತಿಯ ಹೆಸರಿನಲ್ಲಿ ಹಳೆಯ ಟೆಂಪೋ ಕೊಂಡದ್ದು ಇದೇ ಬಲದಿಂದ. ಓಡಿಸುವವನು ದಸ್ತಗೀರ, ಸಲಹೆ ಕೊಡುವವನು ನಾನು. ಜುಗೂಳದ ಬದನೆಕಾಯಿಯನ್ನು ಹಾರೂಗೇರಿ ಸಂತೆಗೆ ಒಯ್ಯುವ ಆ ಗಾಡಿಯನ್ನು ವರ್ಷಕ್ಕೊಮ್ಮೆ ಚಿಕ್ಕೋಡಿಯಲ್ಲಿ ಬ್ರೇಕ್ ಇನ್ಸ್‌ಪೆಕ್ಟರರಿಗೆ ತೋರಿಸಿ, ರಸ್ತೆಗೆ ಯೋಗ್ಯವೆಂದು ಸರ್ಟಿಫಿಕೇಟು ತರಬೇಕು. ನಮ್ಮ ಕಡೆ ಇದಕ್ಕೆ ‘ಪಾಸಿಂಗ್’ ಎನ್ನುತ್ತಾರೆ. ಅದಾಗದಿದ್ದರೆ ಗಾಡಿಯೂ ಮನೆ ಮುಂದೆ, ದಸ್ತಗೀರನೂ ಮನೆಯಲ್ಲೇ.

ಅಕ್ಷರ ದುಂಡಗಿದ್ದರೆ ಅರ್ಧ ಅಂಕ ಬಂದಂತೆಯೇ ಎಂದು ನಂಬಿದ ಮಾಸ್ತರ ನಾನು. ಒಂದು ವರ್ಷ ಪಾಸಿಂಗಿಗೆಂದು ಟೆಂಪೋಕ್ಕೆ ಹಸಿರು ಬಣ್ಣ ಹೊಡೆಸಲು ಹೊರಟೆ.

“ಸರ, ಬ್ರೇಕ್ ಹಿಡ್ಯಾಕತ್ತಿಲ್ರಿ. ಮೊದಲ ಅದನ್ನ ನೋಡೂಣ್ರಿ,” ಎಂದ ದಸ್ತಗೀರ.

“ಸಾಹೇಬ್ರ ಕಣ್ಣಿಗೆ ಮೊದಲ ಕಾಣೂದು ಬಣ್ಣಪಾ.”

“ಬಣ್ಣ ಗಾಡಿ ನಿಲ್ಲಸಂಗಿಲ್ರಿ, ಸರ.”

ಪಾಪ, ಅವನಿಗೆ ಸೌಂದರ್ಯಪ್ರಜ್ಞೆ ಕಡಿಮೆ.

ಪ್ರಥಮ ಚಿಕಿತ್ಸೆಯ ಡಬ್ಬಿಯನ್ನು ಶಾಲೆಯಿಂದ, ಎರಡು ಒಳ್ಳೆಯ ಟೈರುಗಳನ್ನು ನೆರೆಮನೆಯ ಟೆಂಪೋದಿಂದ ಕಡ ತಂದು ಚಿಕ್ಕೋಡಿ ತಲುಪಿದೆವು. ಇನ್ಸ್‌ಪೆಕ್ಟರರು ದೀಪ, ಹಾರ್ನು, ವೈಪರು ಎಲ್ಲ ನೋಡಿದರು. ಬಣ್ಣವೊಂದನ್ನು ನೋಡಲಿಲ್ಲ. ಆದರೆ ಬಾಗಿ ಚಾಸಿ ನಂಬರು ಓದುವಾಗ ಅದೇ ಅವರನ್ನು ನೋಡಿಕೊಂಡಿತು. ಬಿಳಿ ಅಂಗಿಯ ತೋಳು ಹಸಿರಾಯಿತು.

“ಹಸಿ ಬಣ್ಣದಾಗ ಗಾಡಿ ತಂದೀರಿ? ಯಾರ ಬುದ್ಧಿ ಇದು?”

ನಾನು ದಸ್ತಗೀರನ ಮುಖ ನೋಡಿದೆ.

ಆಮೇಲೆ ಅವರು ಅವನ ಪಕ್ಕ ಕೂತು ಗಾಡಿ ಓಡಿಸಲು ಹೇಳಿದರು. ನಾನು ಹಿಂದೆ ಹತ್ತಿ ನಿಂತೆ. ಬ್ರೇಕ್ ಹತ್ತುವುದಿಲ್ಲವೆಂದು ನನಗೆ ಖಾತ್ರಿಯಿತ್ತು. “ಹೊಡಿ ಬ್ರೇಕ್!” ಎಂದರು. ಗಾಡಿ ಗಕ್ಕನೆ ನಿಂತಿತು. ನಾನು ಮಾತ್ರ ನಿಲ್ಲದೆ ಮುಂದೆ ಹೋಗಿ ಕ್ಯಾಬಿನ್ನಿಗೆ ಹಣೆ ಕೊಟ್ಟೆ.

“ಬ್ರೇಕ್ ಛಲೋ ಅದಾವ. ಯಾರು ಮಾಡಿಸಿದ್ರು?”

“ನಾನ ನಿಂತು ಮಾಡಿಸೀನ್ರಿ,” ಎಂದೆ, ಹಣೆಯ ಬುಗುಟು ತಿಕ್ಕುತ್ತ.

ಪಾಸಾಯಿತು. ಮರಳುವಾಗ ದಸ್ತಗೀರ ಮೆಲ್ಲಗೆ ಹೇಳಿದ: “ಮೊನ್ನಿ ಮನ್ಯಾಗಿನ ಅಕ್ಕಾರು ಗಾಡಿ ಗ್ಯಾರೇಜಿಗೆ ಕಳಸಿದ್ದರ್ರಿ. ನಿಮಗ ಹೇಳಬ್ಯಾಡ ಅಂದಿದ್ರು.”

ಮುಂದೆ ನಮ್ಮ ಡ್ರಾಯಿಂಗ್ ಮಾಸ್ತರರೂ ಟೆಂಪೋ ಕೊಂಡು ನನ್ನ ಸಲಹೆ ಕೇಳಿದರು. ಬ್ರೇಕಿನ ಮಹತ್ವದ ಬಗ್ಗೆ ಒಂದು ತಾಸು ಮನಮುಟ್ಟುವಂತೆ ಮಾತಾಡಿದೆ. ಕೊನೆಗೆ ಅವರು, “ಅದಕ್ಕ ಎಣ್ಣಿ ಎಲ್ಲಿ ಹಾಕೂದ್ರಿ?” ಎಂದರು.

“ಅಂಥಾ ಸಣ್ಣ ಪುಟ್ಟದ್ದಕ್ಕೆಲ್ಲ ದಸ್ತಗೀರ ಅದಾನಲ್ರಿ,” ಎಂದೆ.