ಪೈಲ್ವಾನ ಮೀನಿನ ಖಾತ್ರಿ

"ಇನ್ನು ಮೇಲೆ ಈ ಸುತ್ತಮುತ್ತಲಿನ ಮೀನುಗಳಿಗೆ ತೋಳೊಂದೇ ಇರೋದಿಲ್ಲ, ಅಷ್ಟೇ! ಮಿಕ್ಕಿದ್ದೆಲ್ಲ ಪೈಲ್ವಾನರದ್ದೇ!"

ಹೀಗೆಂದು ಘೋಷಿಸಿ ಖಾತ್ರಿ ಸಾಹುಕಾರರು ಅಡುಗೆಮನೆಯ ಕಟ್ಟೆಯ ಮೇಲೆ ಮೀನಿನ ಮೈ ಬೆಳೆಸುವ ಪುಡಿಯ ಡಬ್ಬಿಯೊಂದನ್ನು ಕುಕ್ಕಿದರು. ಡಬ್ಬಿಯ ಮೇಲೆ ಒಂದು ಮೀನಿನ ಚಿತ್ರ. ಆ ಮೀನಿನ ಎದೆ ಉಬ್ಬಿತ್ತು, ಹುಬ್ಬು ಗಂಟಿಕ್ಕಿತ್ತು. ಮೀನಿಗೆ ಹುಬ್ಬೆಲ್ಲಿಂದ ಬಂತು ಎಂದು ಯಾರೂ ಕೇಳಬಾರದು, ಪುಡಿಯ ಮಹಿಮೆ!

ಹೆಂಡತಿ ಡಬ್ಬಿಯನ್ನೂ ಗಂಡನನ್ನೂ ಒಂದು ಸುತ್ತು ನೋಡಿದಳು.

"ಮೀನು ಹಾಗಿರ್ಲಿ, ಮೊದಲು ನಿಮ್ಮ ತೋಳು ತೋರ್ಸಿ. ಗ್ಯಾಸ್ ಸಿಲಿಂಡರ್ ಎತ್ತೋಕೆ ಪಕ್ಕದ ಮನೆಯವರನ್ನ ಕರೀಬೇಕು ನಾನು."

"ಇದು ಮನುಷ್ಯರ ಪುಡಿ ಅಲ್ಲ ಕಣೇ, ಮೀನಿಂದು!"

"ಅದೇ ಅಂದೆ. ಮನುಷ್ಯರ ಕೈಲಿ ಆಗ್ಲಿಲ್ಲ, ಮೀನಿನ ಬೆನ್ನು ಹತ್ತಿದ್ದೀರಿ."

ಸಾಹುಕಾರರದು ಮೀನಿನ ಮೇವಿನ ಅಂಗಡಿ. ಹೊಂಡ ತೋಡಿ ಮೀನು ಸಾಕುವವರೆಲ್ಲ ಮೇವಿಗೆ ಅಲ್ಲಿಗೇ ಬರಬೇಕು. "ಇದನ್ನ ಹಾಕಿದ್ರೆ ಮೀನು ತಿನ್ನುತ್ತಾ?" ಎಂದು ಕೇಳಿದರೆ ಅವರು "ಖಾತ್ರಿ!" ಎನ್ನುತ್ತಿದ್ದರು. "ಸಂಜೆ ಮಳೆ ಬರುತ್ತಾ?" ಎಂದು ಕೇಳಿದರೂ "ಖಾತ್ರಿ!" ಮಳೆಯ ವಿಷಯದಲ್ಲಿ ಅವರನ್ನು ನಂಬಿ ನೆನೆದವರುಂಟು. ಮೇವಿನ ವಿಷಯದಲ್ಲಿ ಮಾತ್ರ ಅವರ ಮಾತು ಸುಳ್ಳಾದದ್ದಿಲ್ಲ. ಹೆಸರು ಬಂದದ್ದು ತಮಾಷೆಗೆ, ಉಳಿದದ್ದು ಮರ್ಯಾದೆಗೆ.

ಈ ಮರ್ಯಾದೆಯನ್ನು ಎಲ್ಲರಿಗಿಂತ ಹೆಚ್ಚು ನಂಬಿದವಳು ಹೊಂಡದಕ್ಕ. ಊರ ಹೊರಗೆ ಸಾಲಾಗಿ ಹೊಂಡಗಳಿಟ್ಟುಕೊಂಡು, ಮೈದುನನ ಜೊತೆ ಮೀನು ಸಾಕುವ ಗಟ್ಟಿ ಹೆಂಗಸು. ಅವಳಿಗೆ ಈ ಸಲ ದೊಡ್ಡ ಪೇಚು. ಮೀನು ತೂಗುತ್ತದೆ, ಆದರೆ ಮಾಂಸದಲ್ಲಿ ಕಸುವಿಲ್ಲ. ಬಾಣಲೆಗೆ ಹಾಕಿದರೆ ಮೆದುವಾಗಿ ಉದುರಿಹೋಗುತ್ತದೆ ಎಂದು ಹೋಟೆಲಿನವರು ವಾಪಸು ಕಳಿಸುತ್ತಿದ್ದರು.

"ಡಬ್ಬಿ ಮೇಲೆ ಏನು ಬೇಕಾದ್ರೂ ಬರೀತಾರೆ ತಮ್ಮಾ," ಎಂದಿದ್ದಳು ಅಂಗಡಿಗೆ ಬಂದು. "ನೀನು ಖಾತ್ರಿ ಅಂದ್ರೆ ಎಲ್ಲಾ ಹೊಂಡಕ್ಕೂ ಸುರೀತೀನಿ. ಅದೂ ಕೈಕೊಟ್ರೆ ಈ ಸಲದ ಮೀನು ಕೇಳೋರಿಲ್ಲ. ನೋಡಿ ಹೇಳು."

ಸಾಹುಕಾರರು ಅಲ್ಲೇ "ಖಾತ್ರಿ" ಎಂದು ಬಾಯಿ ಮುಚ್ಚಿಕೊಂಡಿದ್ದರೆ ಈ ಕಥೆಯೇ ಇಲ್ಲ. ಬಾಯಲ್ಲೇ ಮುಗಿಯುವ ವ್ಯಾಪಾರವನ್ನು ಕಣ್ಣಿಗೆ ತೋರಿಸಲು ಹೋಗುವುದು ಎಂಥ ದಡ್ಡತನವೆಂಬುದು ತಿಳಿಯದ ವ್ಯಾಪಾರಿಯೇನಲ್ಲ ಅವರು. ಆದರೆ ಆ ದಿನ ಉತ್ಸಾಹ ನೆತ್ತಿಗೇರಿತ್ತು. "ಹೇಳೋದೇನು ಅಕ್ಕಾ, ತಿಂಗಳು ಬಿಟ್ಟು ಮನೆಗೆ ಬನ್ನಿ, ಕಣ್ಣಾರೆ ತೋರಿಸ್ತೀನಿ!" ಎಂದುಬಿಟ್ಟರು.

ಹೊಂಡದಕ್ಕನ ಹೊಂಡದಿಂದಲೇ ಒಂದೇ ಅಳತೆಯ ಎರಡು ಮೀನು ಬಂದವು. ಮನೆಯ ತಾರಸಿಯ ಮೇಲೆ ಎರಡು ಪ್ಲಾಸ್ಟಿಕ್ ತೊಟ್ಟಿ ಕೂತವು: ಒಂದು ಮೆಟ್ಟಿಲ ಬಾಗಿಲ ಪಕ್ಕ, ಇನ್ನೊಂದು ಜಾಗ ಸಾಲದೆ ನೀರಿನ ಟ್ಯಾಂಕಿನ ಪೈಪಿನ ಕೆಳಗೆ. ಮೇಲೆ ಬಲೆ. ಪಕ್ಕಕ್ಕೆ ತಂತಿಯಲ್ಲಿ ಕಟ್ಟಿದ ಒಂದೊಂದು ರಟ್ಟಿನ ಬೋರ್ಡು. ಮೆಟ್ಟಿಲ ಪಕ್ಕದ್ದಕ್ಕೆ 'ಪೈಲ್ವಾನ': ಇದಕ್ಕೆ ಮೇವಿನ ಜೊತೆ ಪುಡಿ. ಪೈಪಿನ ಕೆಳಗಿನದಕ್ಕೆ 'ಬಡಪಾಯಿ': ಇದಕ್ಕೆ ಬರೀ ಮೇವು.

ಪೈಲ್ವಾನನ ಸೇವೆಗೆ ಮನೆಯೇ ಸಜ್ಜಾಯಿತು. ಡಬ್ಬಿಯಲ್ಲಿ ಒಂದು ಚಮಚ ಎಂದಿದ್ದರೆ ಸಾಹುಕಾರರ ಉದಾರ ಹಸ್ತ ಮೂರು ಚಮಚ ಸುರಿಯಿತು. ಬೆಳಗಾದರೆ ಹೆಂಡತಿಯ ಹಿಟ್ಟಿನ ಜರಡಿಯಲ್ಲಿ ಪೈಲ್ವಾನನನ್ನು ಎತ್ತಿ, ಅವಳದೇ ಅಡುಗೆಮನೆಯ ತಕ್ಕಡಿಯಲ್ಲಿ ಮಲಗಿಸಿ, ಅವಳದೇ ಹೊಲಿಗೆಯ ಟೇಪಿನಲ್ಲಿ ಸುತ್ತಳತೆ ತೆಗೆಯುವುದು!

"ಬೆಲ್ಲ ತೂಗೋ ತಕ್ಕಡಿ ಅದು!"

"ಇತಿಹಾಸ ತೂಗ್ತಾ ಇದೆ ಕಣೇ, ಸುಮ್ನಿರು!"

"ಇತಿಹಾಸ ಜಾರಿ ಒಲೆ ಕೆಳಗೆ ಹೋಯ್ತು. ಹಿಡೀರಿ!"

ಹಾಗೆ ಒಲೆಯ ಕೆಳಗೆ, ಕಪಾಟಿನ ಸಂದಿಗೆ, ಒಮ್ಮೆ ಅಕ್ಕಿ ಡಬ್ಬದೊಳಗೂ ಇತಿಹಾಸ ಜಾರಿತು. ಬಡಪಾಯಿಯ ಗೋಜಿಗೆ ಮಾತ್ರ ಯಾರೂ ಹೋಗಲಿಲ್ಲ. ಅದರ ಮೇವು ಅದು ತಿಂದಿತು. ಟ್ಯಾಂಕು ತುಂಬಿದಾಗೆಲ್ಲ ಪೈಪಿನ ನೀರು ತೊಟ್ಟಿಗೆ ದಬದಬ ಬೀಳುತ್ತಿತ್ತು. ಬಡಪಾಯಿ ಆ ರಭಸಕ್ಕೆ ಎದುರಾಗಿ ಬಾಲ ಬಡಿಯುತ್ತ ನಿಂತಲ್ಲೇ ಈಜುತ್ತಿತ್ತು.

ಹೊಂಡದಕ್ಕ ಬರುವ ಹಿಂದಿನ ಸಂಜೆ ಸಾಹುಕಾರರು ಎರಡೂ ಬಲೆ ಸರಿಸಿ ನೋಡಿದರು. ಪೈಲ್ವಾನ ಕಲಕಿದ ನೀರಿನ ತಳದಲ್ಲಿ ಜ್ವರ ಬಂದವನಂತೆ ಬಿದ್ದಿದ್ದಾನೆ. ತಲೆ ದೊಡ್ಡದು, ಮೈ ಸಣ್ಣದು. ಬಡಪಾಯಿಯೋ, ಬೆನ್ನು ಉರುಟಾಗಿ, ಬಾಲ ಒಮ್ಮೆ ಬೀಸಿದರೆ ಸಾಹುಕಾರರ ಅಂಗಿಯೆಲ್ಲ ಒದ್ದೆ!

ಅಂದು ಅವರು ತಟ್ಟೆಯ ಮುಂದೆ ಕೂತು ಊಟ ಕೆದಕಿದರು.

"ಏನ್ರೀ, ಮೀನು ಹೇಗಿದೆ?" ಎಂದಳು ಹೆಂಡತಿ. ಬಟ್ಟೆ ಒಣಹಾಕಲು ದಿನಾ ತಾರಸಿಗೆ ಹೋಗುವವಳು ಅವಳು. ಹೇಗಿದೆಯೆಂದು ಅವಳಿಗೆ ಗೊತ್ತಿತ್ತು.

"ಚೆನ್ನಾಗಿದೆ."

"ಮತ್ಯಾಕೆ ಊಟ ಸೇರ್ತಿಲ್ಲ?"

"ಹಸಿವಿಲ್ಲ ಅಷ್ಟೇ."

ಅವಳು ಮುಂದೆ ಕೇಳಲಿಲ್ಲ. ಆಗ ಕೇಳಿದ್ದರೆ ಮರುದಿನ ಇಬ್ಬರ ಮಾನವೂ ಉಳಿಯುತ್ತಿತ್ತು.

ಬೆಳಿಗ್ಗೆ ಸಾಹುಕಾರರು ಅಂಗಡಿಯಿಂದ ಕುರ್ಚಿ ತರಲು ಹೋದರು. ತಿರುಗಿ ಬರುವಷ್ಟರಲ್ಲಿ ಹೊಂಡದಕ್ಕನ ಸ್ಕೂಟರು ಗೇಟಿನೆದುರು ನಿಂತಿತ್ತು. ಅಕ್ಕನೂ ಮೈದುನನೂ ಚಪ್ಪಲಿ ಬಿಡುತ್ತಿದ್ದಾರೆ! ಸಾಹುಕಾರರು ಹಿತ್ತಿಲ ಮೆಟ್ಟಿಲು ಹತ್ತಿ ತಾರಸಿಗೆ ಓಡಿದರು. ಮೀನು ಬದಲಾಯಿಸಲು ಹೊತ್ತಿಲ್ಲ. ಬಲೆ ಎತ್ತಿ ನೋಡಲೂ ಪುರುಸೊತ್ತಿಲ್ಲ. ತಂತಿ ಬಿಚ್ಚಿ ಆ ಬೋರ್ಡು ಈ ತೊಟ್ಟಿಗೆ, ಈ ಬೋರ್ಡು ಆ ತೊಟ್ಟಿಗೆ ಕಟ್ಟಿ, ಬೆವರೊರೆಸಿಕೊಂಡು ನಿಂತರು. ಬದುಕಿನಲ್ಲಿ ಮೊದಲ ಸಲ ಮೇವಿನ ವಿಷಯದಲ್ಲಿ ಕೈ ಕೊಳೆಯಾಗಿತ್ತು. ಒಳಗೆಲ್ಲೋ ಚುರುಕ್ ಎಂದಿತು. 'ಒಂದೇ ಒಂದು ಸಲ' ಎಂದು ಅದರ ಬಾಯಿ ಮುಚ್ಚಿಸಿದರು.

"ಬನ್ನಿ ಅಕ್ಕಾ! ಬಾರಯ್ಯಾ! ಮೊದಲು ನಮ್ಮ ಬಡಪಾಯಿಯನ್ನ ನೋಡಿ ಮರುಗಿ, ಆಮೇಲೆ ಪೈಲ್ವಾನನ ದರ್ಶನ!"

'ಬಡಪಾಯಿ' ಬೋರ್ಡಿನ ತೊಟ್ಟಿಯ ಬಲೆಯನ್ನು ಅವರು ರಾಜಠೀವಿಯಿಂದ ಸರಿಸಿದರು. ಒಳಗಿನಿಂದ ಉರುಟು ಬೆನ್ನಿನ ದಪ್ಪ ಮೀನೊಂದು ಛಟ್ಟನೆ ನೀರು ಹಾರಿಸಿತು.

ಸಾಹುಕಾರರ ಠೀವಿ ಅಲ್ಲೇ ಹೆಪ್ಪುಗಟ್ಟಿತು. ಓಡಿಹೋಗಿ 'ಪೈಲ್ವಾನ' ತೊಟ್ಟಿಯ ಬಲೆ ಎತ್ತಿದರು. ದೊಡ್ಡ ತಲೆ, ಸಣ್ಣ ಮೈ.

"ಪೈಲ್ವಾನರು ಉಪವಾಸ ಹಿಡಿದಿದ್ದಾರಾ?" ಎಂದ ಮೈದುನ.

ಬೋರ್ಡು ಬದಲಾಯಿಸಿದೆನೋ? ಬದಲಾಯಿಸಿದೆ ಅಂದುಕೊಂಡೆನೋ? ಎರಡು ಸಲ ಬದಲಾಯಿಸಿಬಿಟ್ಟೆನೋ? ಸಾಹುಕಾರರ ತಲೆಯಲ್ಲಿ ಬೋರ್ಡುಗಳು ಗಿರಗಿರ ತಿರುಗತೊಡಗಿದವು.

ಅಷ್ಟರಲ್ಲಿ ಹೆಂಡತಿ ಟ್ರೇಯಲ್ಲಿ ಚಹಾ ಹಿಡಿದು ಮೆಟ್ಟಿಲು ಹತ್ತಿ ಬಂದಳು. ತೊಟ್ಟಿಗಳತ್ತ ನೋಡಿದವಳೇ ಕೂಗಿದಳು: "ಅಯ್ಯೋ! ಬೋರ್ಡು ಅದಲುಬದಲಾಗಿದೆ! ಪುಡಿ ಹಾಕಿದ್ದು ಈ ಮೆಟ್ಟಿಲ ಪಕ್ಕದ ತೊಟ್ಟಿಗೆ ಅಕ್ಕಾ! ದಿನಾ ನೋಡೋಳು ನಾನು. ಪೈಪಿನ ಕೆಳಗಿರೋದು ಬಡಪಾಯಿ!"

ಮೆಟ್ಟಿಲ ಪಕ್ಕದ ತೊಟ್ಟಿಯಲ್ಲಿದ್ದದ್ದು ದಪ್ಪ ಮೀನು. ಅದು ಅಲ್ಲಿಗೆ ಹೇಗೆ ಹೋಯಿತೆಂದು ಸಾಹುಕಾರರು ಯೋಚಿಸಲು ಹೋಗಲಿಲ್ಲ. ಮುಳುಗುವವರು ಕೈಗೆ ಸಿಕ್ಕ ಹಲಗೆ ಯಾವ ಮರದ್ದು ಎಂದು ಕೇಳುತ್ತಾರೆಯೇ?

"ಹಾಂ! ಅದೇ! ರಾತ್ರಿ ಗಾಳಿ ನೋಡಿ, ಬೋರ್ಡು ಹಾರಿ..."

"ಗಾಳಿ ತಂತಿ ಬಿಚ್ಚಿ, ಆ ಕಡೆ ಹೋಗಿ, ಮತ್ತೆ ಗಂಟು ಹಾಕ್ತಾ?" ಎಂದ ಮೈದುನ. "ಭಾರೀ ಅಚ್ಚುಕಟ್ಟಿನ ಗಾಳಿ!"

"ನೀನು ಸ್ವಲ್ಪ ಸುಮ್ನಿರೋ," ಎಂದು ಹೊಂಡದಕ್ಕ ಅವನನ್ನು ಗದರಿಸಿದಳು. ಆಮೇಲೆ ಸಾಹುಕಾರರ ಮುಖವನ್ನೇ ದಿಟ್ಟಿಸಿದಳು. "ಬೋರ್ಡು ಹಾಳಾಗ್ಲಿ ತಮ್ಮಾ. ನೀನು ಹೇಳು. ಪುಡಿ ತಿಂದಿದ್ದು ಈ ದಪ್ಪ ಮೀನಾ? ನೀನು ಹೂಂ ಅಂದ್ರೆ ಮನೆಗೆ ಹೋದವಳೇ ಎಲ್ಲಾ ಹೊಂಡಕ್ಕೂ ಹಾಕಿಸ್ತೀನಿ."

ಸಾಹುಕಾರರು ಅಂಗಿಯ ಕಾಲರು ಸರಿಪಡಿಸಿಕೊಂಡರು.

"ಖಾತ್ರಿ, ಅಕ್ಕಾ."

ಟ್ರೇಯಲ್ಲಿದ್ದ ಲೋಟಗಳು ಕಟಕಟ ಎಂದವು. ಹೆಂಡತಿ ಸರಕ್ಕನೆ ಮುಂದೆ ಬಂದಿದ್ದಳು.

"ಬೇಡ ಅಕ್ಕಾ, ಹಾಕ್ಬೇಡಿ," ಎಂದಳು. "ಮೀನು ಬದಲಾಯಿಸಿದ್ದು ನಾನು. ಇವರು ಕುರ್ಚಿ ತರೋಕೆ ಹೋದಾಗ ಜರಡಿಯಲ್ಲಿ ಎತ್ತಿ ಅದನ್ನ ಇಲ್ಲಿಗೆ, ಇದನ್ನ ಅಲ್ಲಿಗೆ ಬಿಟ್ಟೆ. ಪುಡಿ ತಿಂದಿದ್ದು ಆ ಬಡಕಲು. ಇವರಿಗೆ ಇದೊಂದೂ ಗೊತ್ತಿಲ್ಲ. ಇವರನ್ನ ತಪ್ಪು ತಿಳೀಬೇಡಿ. ಸುಳ್ಳು ಹೇಳೋಕೆ ಬರದ ಮನುಷ್ಯ. ರಾತ್ರಿ ಊಟ ಬಿಟ್ಟು ಕೂತಿದ್ರು, ನನಗೆ ನೋಡೋಕಾಗ್ಲಿಲ್ಲ."

ಈ ಗಳಿಗೆಯಲ್ಲಿ ಭೂಮಿ ಬಾಯಿಬಿಟ್ಟು ಸಾಹುಕಾರರನ್ನು ನುಂಗಬೇಕಿತ್ತು. ತಾರಸಿಯಾದ್ದರಿಂದ ಅದಕ್ಕೆ ಅನುಕೂಲವಾಗಲಿಲ್ಲ. ಅವರಾದರೂ ಬಾಯಿಬಿಟ್ಟು ನಿಜ ಹೇಳಬಹುದಿತ್ತು. ಬಾಯಿ ಬಿಟ್ಟರು. ಬಂದದ್ದು ಇದು:

"ಏನು ಮಾಡಿಬಿಟ್ಟೆ ನೀನು! ನನ್ನ ಅಂಗಡಿ ಮರ್ಯಾದೆ ಏನಾಗ್ಬೇಕು? ಮೇವಿನ ವಿಷಯದಲ್ಲಿ ಮೋಸ! ಅದೂ ನನ್ನ ಮನೇಲಿ! ಅಕ್ಕನ ಮುಂದೆ ನಾನು ಹೇಗೆ ಮುಖ ಎತ್ತಲಿ?"

ಹೇಳುತ್ತ ಹೇಳುತ್ತ ಅವರಿಗೇ ನಿಜವಾದ ಸಿಟ್ಟು ಬಂತು. ಪ್ರಾಮಾಣಿಕನ ಸಿಟ್ಟು ಎಷ್ಟು ಹಿತವಾಗಿರುತ್ತದೆಂದರೆ ಪ್ರಾಮಾಣಿಕರಲ್ಲದವರಿಗೂ ಅದರ ರುಚಿ ಬಿಡಲಾಗುವುದಿಲ್ಲ. ಹೆಂಡತಿ ತಲೆ ತಗ್ಗಿಸಿ ನಿಂತಿದ್ದಳು. ಕಣ್ಣಂಚಿನ ನೀರು ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ, ಟ್ರೇ ಇತ್ತು.

"ತಾಳು ತಮ್ಮಾ, ತಾಳು," ಎಂದಳು ಹೊಂಡದಕ್ಕ. "ನಂಗೊಂದು ಲೆಕ್ಕ ಹತ್ತುತ್ತಿಲ್ಲ. ಮೀನು ಬದಲಾಯಿಸಿದ್ದು ಇವಳು, ಸರಿ. ಬೋರ್ಡು ಹಾಗೇ ಇದ್ದಿದ್ರೆ ದಪ್ಪ ಮೀನು 'ಪೈಲ್ವಾನ' ಅಂತಲೇ ಕಾಣ್ಬೇಕಿತ್ತು. ಬೋರ್ಡು ಯಾರು ಬದಲಾಯಿಸಿದ್ದು?"

ಟ್ಯಾಂಕು ತುಂಬಿತೆಂದು ತೋರುತ್ತದೆ, ಪೈಪಿನಿಂದ ನೀರು ದಬದಬ ಬೀಳತೊಡಗಿತು. ಮೈದುನ ಗಾಳಿಯ ಮಾತೆತ್ತಲು ಬಾಯಿ ತೆರೆದು, ಅತ್ತಿಗೆಯ ಮುಖ ನೋಡಿ ಮುಚ್ಚಿದ.

ಹೆಂಡತಿ ನಿಧಾನವಾಗಿ ತಲೆ ಎತ್ತಿದಳು.

"ರೀ... ನೀವೂನಾ?"

ಸಾಹುಕಾರರು ತೊಟ್ಟಿಯೊಳಗಿನ ಪೈಲ್ವಾನನನ್ನು ನೋಡಿದರು. ತಳದಲ್ಲಿ ಬಿದ್ದಿದ್ದ ಅದು ಅವರನ್ನು ನೋಡಿತು. ಇಬ್ಬರಲ್ಲಿ ಯಾರ ಸ್ಥಿತಿ ಕನಿಕರದ್ದೆಂದು ಹೇಳುವುದು ಕಷ್ಟವಿತ್ತು. ಅವರು ಮೆಲ್ಲನೆ ತಲೆಯಾಡಿಸಿದರು. ಬೋರ್ಡು ಬದಲಾಯಿಸಿದ್ದಕ್ಕೆ ಆದ ನಾಚಿಕೆಯನ್ನು ಹೇಗೋ ತಡೆಯಬಹುದಿತ್ತು. 'ಸುಳ್ಳು ಹೇಳೋಕೆ ಬರದ ಮನುಷ್ಯ' ಎಂದವಳನ್ನು ಅವಳ ಎದುರಿಗೇ ನಿಂತು ಗದರಿಸಿದ್ದರಲ್ಲ, ಅದು ಮೈಮೇಲೆ ಕೆಂಡ ಸುರಿದಂತಿತ್ತು.

ಅವಳು ಟ್ರೇಯನ್ನು ಕೆಳಗಿಟ್ಟಳು. ಬೈಯುತ್ತಾಳೆಂದು ಸಾಹುಕಾರರು ಭುಜ ಕುಗ್ಗಿಸಿದರು. ಅವಳು ಅಲ್ಲೇ ನೆಲದ ಮೇಲೆ ಕೂತು, ಸೆರಗು ಬಾಯಿಗಿಟ್ಟುಕೊಂಡು, ನಗತೊಡಗಿದಳು.

"ಮದುವೆ ಆದಾಗಿಂದ ನಾವಿಬ್ರೂ ಹೇಳ್ಕೊಳ್ದೇ ಒಂದೇ ಕೆಲಸಕ್ಕೆ ಕೈ ಹಾಕಿದ್ದು ಇದೇ ಮೊದಲು ಅಕ್ಕಾ! ಅದೂ ನೋಡಿ ಹೇಗಾಯ್ತು!"

ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಹೊಂಡದಕ್ಕ ದಪ್ಪ ಮೀನನ್ನು ಎತ್ತಿ ಬೆನ್ನಿಗೆ ಹೆಬ್ಬೆರಳೊತ್ತಿ ನೋಡಿದಳು. ಒತ್ತಿದ ಗುರುತು ನಿಲ್ಲಲಿಲ್ಲ. "ಇದೇ ನೋಡು ನಂಗೆ ಬೇಕಾಗಿರೋ ಗಟ್ಟಿ," ಎಂದಳು. ಪೈಪಿನತ್ತ ಕಣ್ಣು ಹಾಯಿಸಿದಳು. "ನೀರಿಗೆ ಎದುರು ಈಜಿ ಈಜಿ ಮೈ ಕಟ್ಟಿದೆ. ಆ ಬಡಕಲಿಗೆ ಹೊಟ್ಟೆಗೂ ಪುಡಿ, ನೀರಿಗೂ ಪುಡಿ, ಬೆಳಗಾದ್ರೆ ತಕ್ಕಡಿ ಮೇಲೆ ಸವಾರಿ. ಬದುಕಿರೋದೇ ಹೆಚ್ಚು. ನಮ್ಮ ಹೊಂಡಕ್ಕೆ ನೀರು ಓಡಿಸೋ ಯಂತ್ರ ಹಾಕ್ಸೋಣ ಕಣೋ," ಎಂದಳು ಮೈದುನನಿಗೆ.

"ಮತ್ತೆ ಮೇವು ಅಕ್ಕಾ?" ಸಾಹುಕಾರರ ದನಿ ಬಾವಿಯೊಳಗಿಂದ ಬಂದಂತಿತ್ತು. "ಮಾಮೂಲಿ ಮೇವು... ನಮ್ಮಲ್ಲೇ?"

"ನಿಮ್ಮಲ್ಲೇ. ಆದ್ರೆ ಇನ್ನು ಮೇಲೆ ಯಾವುದು ಒಳ್ಳೇದು, ಯಾವುದು ಬೇಡ ಅಂತ ನಿನ್ ಹೆಂಡ್ತಿ ಹೇಳ್ಲಿ. ತೂಗೋದೂ ಅವಳೇ."

"ಅಕ್ಕಾ! ಅವಳೂ ಬದಲಾಯಿಸಿದ್ಲಲ್ಲ?"

"ಬದಲಾಯಿಸಿದ್ಲು. ಆದ್ರೆ ನನ್ನ ಹೊಂಡ ಹಾಳಾಗುತ್ತೆ ಅಂದಾಗ ಅವಳ ಕೈಲಿ ತಡ್ಕೊಳ್ಳೋಕೆ ಆಗ್ಲಿಲ್ಲ." ಹೊಂಡದಕ್ಕ ಆರಿದ ಚಹಾವನ್ನು ಒಂದೇ ಗುಟುಕಿಗೆ ಮುಗಿಸಿದಳು. "ನೀನು ತಡ್ಕೊಂಡೆ."

ಸಾಹುಕಾರರು ಬಗ್ಗಿ ಖಾಲಿ ಲೋಟವನ್ನು ಎತ್ತಿಕೊಂಡರು.

ಮಾತು ಹೊಂಡದಿಂದ ಹೊಂಡಕ್ಕೆ ಹರಿಯಲು ಹೊತ್ತು ಬೇಕಾಗಲಿಲ್ಲ. ಮೊನ್ನೆ ಹೆಂಡತಿ ಊಟಕ್ಕೆಂದು ಮನೆಗೆ ಹೋಗಿದ್ದಾಗ ಗಿರಾಕಿಯೊಬ್ಬ ಅಂಗಡಿಯ ಬಾಗಿಲಲ್ಲಿ ನಿಂತು ಒಳಗೆ ಇಣುಕಿದ.

"ಅಮ್ಮಾವ್ರು ಇಲ್ವಾ?"

"ಊಟಕ್ಕೆ ಹೋಗಿದ್ದಾಳೆ. ಏನು ಬೇಕು ಹೇಳಿ, ನಾನು ಕೊಡ್ತೀನಿ. ಒಳ್ಳೇ ಮೇವಿದೆ, ಖಾ..."

"ಪರವಾಗಿಲ್ಲ ಸಾಹುಕಾರ್ರೇ," ಎಂದ ಗಿರಾಕಿ ಬಲು ವಿನಯದಿಂದ. "ಕಾಯ್ತೀನಿ."

ಸಾಹುಕಾರರು ಎದ್ದು, ತಾವು ಕೂತಿದ್ದ ಕುರ್ಚಿಯ ಧೂಳೊರೆಸಿ, ಅವನಿಗೆ ಹಾಕಿಕೊಟ್ಟರು.