ಘೋಣಸಗಿಯ ಒಂದೇ ಅಚ್ಚಿನ ಎರಡು ಮಿದುಳು

ವಿದ್ವಾಂಸರಿಗೆ ಹೊಟ್ಟೆಕಿಚ್ಚು ಇರಬಾರದು ಎನ್ನುತ್ತಾರೆ. ನನಗಿದೆ, ಎಲ್ಲವೂ ಒಬ್ಬರ ಮೇಲೆಯೇ ಇರುವುದರಿಂದ ಚೆನ್ನಾಗಿ ಮಾಗಿಯೂ ಇದೆ. ವಿಜಯಪುರದಲ್ಲಿ ನಾನು ಕಲಿಸುವ ವೈದ್ಯಕೀಯ ಕಾಲೇಜಿನ ಸಂಶೋಧನಾ ವಿಭಾಗಕ್ಕೆ ದೇಸಾಯರು ಮುಖ್ಯಸ್ಥರು. ಮಿದುಳಿನ ಸ್ಕ್ಯಾನ್ ಮೇಲೂ ಬರೆಯುತ್ತಾರೆ, ವಂಶವಾಹಿಗಳ ಮೇಲೂ ಬರೆಯುತ್ತಾರೆ. ಸ್ಕ್ಯಾನ್ ಬಲ್ಲವರು ಅವರನ್ನು ವಂಶವಾಹಿ ತಜ್ಞರೆಂದು ನಂಬಿದ್ದಾರೆ, ವಂಶವಾಹಿ ಬಲ್ಲವರು ಸ್ಕ್ಯಾನ್ ತಜ್ಞರೆಂದು. ಎರಡನ್ನೂ ಬಲ್ಲವರು ಹತ್ತಿರದಲ್ಲಿ ಯಾರೂ ಇಲ್ಲದ್ದರಿಂದ ಕೀರ್ತಿ ಸುರಕ್ಷಿತವಾಗಿದೆ. ಅವರ ಸೈಟೇಶನ್, ಅಂದರೆ ಇತರರು ತಮ್ಮ ಲೇಖನಗಳಲ್ಲಿ ಇವರನ್ನು ಉಲ್ಲೇಖಿಸಿದ ಸಂಖ್ಯೆ, ದಿನಾ ಏರುತ್ತದೆ. ಏರದೆ ಏನು ಮಾಡೀತು? ನಮ್ಮ ಕಡೆಯ ಲಗ್ನದಲ್ಲಿ ಉಡುಗೊರೆ ಕೊಡುವ ಆಯೇರಿಯ ಹಾಗೆ, ನೀವೊಂದು ಜಂಪರ್ ಪೀಸು ಕೊಟ್ಟರೆ ನಾನೊಂದು ಕೊಡಬೇಕು. ಯಾರೂ ಹೊಲಿಸಿ ತೊಡುವುದಿಲ್ಲ, ಮನೆಯಿಂದ ಮನೆಗೆ ದಾಟಿಸುತ್ತಾರೆ. ಉಲ್ಲೇಖಿಸಿದ ಲೇಖನವನ್ನೂ ಯಾರೂ ಓದುವುದಿಲ್ಲ.

ಇಷ್ಟು ಉರಿದುಕೊಳ್ಳುವ ನಾನು ಹದಿನಾಲ್ಕು ವರ್ಷದಿಂದ ಸಹಪ್ರಾಧ್ಯಾಪಕ. ಬಡ್ತಿಯ ಅರ್ಜಿಯಲ್ಲಿ ನನ್ನ ಸೈಟೇಶನ್ ಬರೆಯಲು ನನಗೇ ನಾಚಿಕೆಯಾಗುತ್ತಿತ್ತು. ಆಗ ಸಿಕ್ಕಿತು ಘೋಣಸಗಿಯ ಒಂದು ಮನೆತನ, ಮೂರು ತಲೆಮಾರಿನಿಂದ ಫಿಟ್ಸ್ ಇದ್ದ ಮನೆ. ಅಲ್ಲಿನ ಅಜ್ಜಿಯಿಂದ ಮನೆಮಂದಿಯ ಒಂದು ಯಾದಿ ಬರೆದುಕೊಂಡೆ. ಬಬಲೇಶ್ವರಕ್ಕೆ ಕೊಟ್ಟ ಆಕೆಯ ಮಗಳಿಂದ ಇನ್ನೊಂದು. ಎಲ್ಲರನ್ನೂ ಕಾಲೇಜಿಗೆ ಕರೆಸಿ ರಕ್ತ ತೆಗೆಸಿ, ಸ್ಕ್ಯಾನ್ ಮಾಡಿಸಿದ್ದಾಯಿತು. ಬಂದವರ ಮುಖ ನೋಡುವುದು ತಂತ್ರಜ್ಞರ ಕೆಲಸ. ನಾವು ಮಿದುಳು ನೋಡುವವರು. ಅವುಗಳಲ್ಲಿ ಎರಡು, ಬಬಲೇಶ್ವರದ ಯಾದಿಯಲ್ಲಿ ಮಗಳೆಂದಿದ್ದ ಕಸ್ತೂರಿಯದು ಮತ್ತು ಘೋಣಸಗಿಯ ಯಾದಿಯಲ್ಲಿ ಸೊಸೆಯೆಂದಿದ್ದ ಶಾಂತವ್ವನದು, ಒಂದೇ ಅಚ್ಚಿನಲ್ಲಿದ್ದವು. ವಂಶವಾಹಿಗಳೂ ಹಾಗೆಯೇ! ಆನಂದಕ್ಕೆ ಆ ದಿನ ನನಗೆ ಊಟ ಸೇರಲಿಲ್ಲ. ಇದನ್ನೇ ದೊಡ್ಡ ಶೋಧವೆಂದು ಬರೆದ ಲೇಖನ ಅಚ್ಚಾಯಿತು. ಸ್ಕ್ಯಾನ್ ಕೋಣೆಗೆ ಕಾಲಿಡದ ದೇಸಾಯರದು ಮೊದಲ ಹೆಸರು, ಆಮೇಲೆ ಲಗ್ನಪತ್ರಿಕೆಯಲ್ಲಿ ಸುಖಾಗಮನ ಬಯಸುವವರ ಹಾಗೆ ಒಂದು ಹಿಂಡು, ನಡುವೆ ಎಲ್ಲೋ ನಾನು.

ಸೈಟೇಶನ್ ಏರತೊಡಗಿತು. ವಿಭಾಗಕ್ಕೆಲ್ಲ ಪೇಢೆ ಹಂಚಿದೆ. ಆಮೇಲೆ, ಯಾಕೆ ಬುದ್ಧಿಗೆಟ್ಟೆನೋ, ನಮ್ಮನ್ನು ಉಲ್ಲೇಖಿಸಿದ ಲೇಖನಗಳನ್ನು ತೆರೆದು ಓದಿದೆ. ಒಬ್ಬರನ್ನೇ ಎರಡು ಸಲ ಅಳೆದರೆ ಎಂಥ ಅನಾಹುತವಾಗುತ್ತದೆ ಎಂಬುದಕ್ಕೆ ಎಲ್ಲರೂ ನಮ್ಮನ್ನೇ ಉದಾಹರಿಸಿದ್ದರು.

ಮರುದಿನವೇ ತಿಕೋಟಾ ದಾಟಿ ಘೋಣಸಗಿಗೆ ಓಡಿದೆ. ಶಾಂತವ್ವ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು.

"ಈ ಕಸ್ತೂರಿ ಅನ್ನಾಕಿ ಯಾರವ್ವಾ?" ಎಂದೆ.

"ನಾನ ರೀ. ತವರಮನಿಯಾಗ ಕಸ್ತೂರಿ. ಸ್ವಾದರಮಾವಗ ಕೊಟ್ರು, ಲಗ್ನದಾಗ ಹೆಸರು ಬದಲ ಮಾಡಿ ಶಾಂತಾ ಅಂತ ಇಟ್ರು."

ಅಂದರೆ ತಾಯಿಯ ಯಾದಿಯಲ್ಲಿ ಮಗಳು, ಅಜ್ಜಿಯ ಯಾದಿಯಲ್ಲಿ ಸೊಸೆ. ಇದು ನನಗೆ ತಿಳಿಯದ ಪದ್ಧತಿಯೇ? ತವರಿನಲ್ಲಿ ಸುನಂದಾ ಆಗಿದ್ದ ನನ್ನ ಹೆಂಡತಿಯನ್ನು ಅಕ್ಷತೆಯ ದಿನ ಗಿರಿಜಾ ಮಾಡಿದವಳು ನಮ್ಮವ್ವನೇ.

"ಮತ್ತ ಎರಡು ಸಲ ಯಾಕ ಬಂದಿಯವ್ವಾ?"

"ನೀವು ಎರಡು ಸಲ ಕರದ್ರಿ. ಎರಡು ಸಲ ನೋಡಿದ್ರ, ನನ್ನ ಮಗಳಿಗಿ ಈ ಜಡ್ಡು ಬರ್ತೈತೋ ಇಲ್ಲೋ ಅನ್ನೂದು ಖರೇನ ತಿಳೀತೈತಿ ಅಂತ ಬಂದ್ನಿ. ಏನ್ ತಿಳೀತ್ರಿ ಸಾಹೇಬ್ರ?"

ಅಷ್ಟು ಮಂದಿ ಲೇಖಕರಲ್ಲಿ ಆ ಪ್ರಶ್ನೆ ಕೇಳಿಕೊಂಡವರು ಒಬ್ಬರೂ ಇರಲಿಲ್ಲ. ಆಕೆ ಕೊಟ್ಟ ಚಹಾ ಕುಡಿದು, ತಿಳಿಸುತ್ತೇನೆಂದು ಹೇಳಿ ಎದ್ದೆ. ನಾಚಿಕೆಯಿಂದ ಮೈಯೆಲ್ಲ ಹಿಡಿಯಾಗಿತ್ತು.

ಲೇಖನವನ್ನು ಹಿಂತೆಗೆದುಕೊಳ್ಳೋಣ ಎಂದೆ ದೇಸಾಯರಿಗೆ.

"ಹುಚ್ಚ ಹಿಡದದೇನ್ರಿ? ಬೈದು ಬರದ್ರೂ ಸೈಟೇಶನ್, ಹೊಗಳಿ ಬರದ್ರೂ ಸೈಟೇಶನ್. ಅರ್ಜಿಯೊಳಗ ಕಾರಣ ಯಾರ್ ಕೇಳ್ತಾರ? ನಿಮ್ಮ ಬಡ್ತಿ ನೋಡ್ಕೋರಿ."

ನೋಡಿಕೊಂಡೆ. ಸಂಖ್ಯೆ ತುಂಬಿ ಅರ್ಜಿ ಅವರ ಮೇಜಿನ ಮೇಲಿಟ್ಟೆ. ಆದರೂ ಮನಸ್ಸು ತಡೆಯದೆ, "ಶಾಂತವ್ವಗ ಏನ್ ಹೇಳೂದ್ರಿ ಸರ್?" ಎಂದೆ.

"ಇನ್ನೊಮ್ಮೆ ರಕ್ತ ತಗೋರಿ. ಹೆಸರು ಬದಲ್ ಮಾಡಿದ್ರಿಂದ ಸಂಶೋಧನಾ ಹೆಂಗ ಹಾದಿ ತಪ್ತದ ಅಂತ ಅದರ ಮ್ಯಾಲ ಇನ್ನೊಂದು ಲೇಖನ ಬರಿಯೂಣು."

ಇಂಥ ಮನುಷ್ಯನ ಮುಖಕ್ಕೆ ಹೊಡೆದಂತೆ ಹೇಳಬೇಕಾದದ್ದೆಲ್ಲ ಗಂಟಲಿನವರೆಗೆ ಬಂತು. ಬಾಯಿಂದ ಹೊರಬಿದ್ದದ್ದು ಮಾತ್ರ ಇಷ್ಟು:

"ಈ ಸಲ ಮೊದಲನೇ ಹೆಸರು ಯಾರದ್ರಿ ಸರ್?"